ಬೆಲ್ ಸಾಹೇಬರ ತಪಾಸಣೆ

ಕೆಲವು ಸೈಕಲ್ಲುಗಳು ಹೊಟ್ಟೆಯಲ್ಲಿ ಮೋಟಾರು ಅಡಗಿಸಿಕೊಂಡು ಪಂದ್ಯ ಗೆಲ್ಲುತ್ತಿವೆ ಎಂದು ಊರೆಲ್ಲ ಛೀಮಾರಿ ಹಾಕಿತು. ತಪಾಸಣೆಗೆ ನೇಮಕವಾದವರು ಸೈಕಲ್ ಬೆಲ್ ಸಾಹೇಬರು.

ಸಾಹೇಬರು ಪ್ರತಿ ಮನೆಗೂ ಟ್ರಿಣ್ ಟ್ರಿಣ್ ಎನ್ನುತ್ತಲೇ ಹೋದರು. ಅವರು ಒಳಗೆ ಕಾಲಿಡುವಷ್ಟರಲ್ಲಿ ಮೋಟಾರುಗಳು ಹಿತ್ತಲು ಸೇರಿರುತ್ತಿದ್ದವು. ಎಲ್ಲರಿಗೂ ‘ಶುದ್ಧ’ ಎಂಬ ಚೀಟಿ ಸಿಕ್ಕಿತು.

ಪಂದ್ಯದ ದಿನ ಹಳೇ ಕೆಂಪು ಸೈಕಲ್ಲೊಂದು ಮಾತ್ರ ಚೀಟಿ ಅಂಟಿಸಿಕೊಳ್ಳಲು ಒಪ್ಪಲಿಲ್ಲ.

“ಚೀಟಿಯಿಲ್ಲದೆ ಓಡುವಂತಿಲ್ಲ,” ಎಂದು ಸಾಹೇಬರು ಗದರಿದರು.

“ಕಳ್ಳರಿಗೆ ಹಂಚಿದ ಚೀಟಿ ನನ್ನ ಮೈಮೇಲೂ ಇದ್ದರೆ ನನ್ನ ಬೆವರನ್ನು ಯಾರು ನಂಬುತ್ತಾರೆ ಸ್ವಾಮಿ? ಸ್ಪ್ಯಾನರನ್ನು ಕರೆಸಿ. ಇಲ್ಲೇ, ಎಲ್ಲರ ಎದುರು ನನ್ನ ಹೊಟ್ಟೆ ಬಿಚ್ಚಲಿ. ಆಮೇಲೆ ಇವರದ್ದೂ ಬಿಚ್ಚಲಿ!”

ಸ್ಪ್ಯಾನರ್ ಹೆಸರು ಕೇಳಿದ್ದೇ ತಡ, ಚೀಟಿ ಅಂಟಿಸಿಕೊಂಡವೆಲ್ಲ ಪೆಡಲು ತಿರುಗಿಸದೆಯೇ ಗುಂಯ್ಯೆಂದು ಓಟ ಕಿತ್ತವು. ಮುಂದೆ ನಿಂತು ಟ್ರಿಣ್ ಟ್ರಿಣ್ ಎಂದು ಅವಕ್ಕೆ ದಾರಿ ಬಿಡಿಸಿದವರು ಬೆಲ್ ಸಾಹೇಬರೇ.