ರಾಜಮಾತೆಯ ಎದೆಯೊಳಗಿನ ಹೊಳಪು

"ಕೇಳ್ರಪ್ಪೋ ಕೇಳ್ರಿ! ರಾಜಮಾತೆಯ ಎದೆಯೊಳಗೆ ಏನೋ ಹೊಳೆಯುತ್ತಿದೆ. ಏನದು? ಕಾವಲಿರುವ ಮೈಯನ್ನು ಹೊಕ್ಕದ್ದು ಹೇಗೆ? ಹೊಗಿಸಿದವರು ಯಾರು? ಮೂರೂ ಒಗಟು ಒಡೆದವರಿಗೆ ಬೇಡಿದ್ದು ಸಿಗುವುದು, ತಪ್ಪಿದವರ ತಲೆ ಹೋಗುವುದು. ಯಾರೂ ಒಡೆಯದಿದ್ದರೆ ತುತ್ತು ತಿನ್ನಿಸುವ ದಾಸಿ ನಿಂಗವ್ವ ಅಮಾವಾಸ್ಯೆಗೆ ಶೂಲಕ್ಕೆ!"

ಕಣವಿಪುರದಲ್ಲಿ ಹೀಗೆ ಡಂಗುರ ಸಾರಿದ್ದಕ್ಕೆ ಕಾರಣ ಮುದುಕಿ ರಾಜಮಾತೆಯ ಕೆಮ್ಮು. ವರ್ಷಗಟ್ಟಲೆ ನಿಲ್ಲದ ಕೆಮ್ಮು. ಪರದೇಶದ ವೈದ್ಯನೊಬ್ಬ ಮೈಯೊಳಗನ್ನು ತೋರಿಸುವ ಕನ್ನಡಿ ಹಿಡಿದಾಗ ಪಕ್ಕೆಲುಬುಗಳ ನಡುವೆ ಜೋಳದ ಕಾಳಿನಷ್ಟು ಬೆಳಕು ಕಂಡಿತು. "ಏನೆಂದು ತಿಳಿಯದೆ ಚಿಮಟ ಇಳಿಸಲಾರೆ" ಎಂದುಬಿಟ್ಟ.

ಜೋಯಿಸ ಶನಿಯ ಕಿಡಿ ಎಂದ. ಶಾಂತಿ ಮಾಡಿಸಿದರೂ ಬೆಳಕು ಅಲ್ಲೇ ಇತ್ತು. ಅವನ ತಲೆ ಹೋಯಿತು. ಮಾಟದ ಮೊಳೆ ಎಂದ ಮಂತ್ರವಾದಿಯದೂ ಹೋಯಿತು. "ಮುದಿ ಮರುಳು, ಸಿಕ್ಕಿದ್ದೆಲ್ಲ ನುಂಗುತ್ತಾರೆ" ಎಂದ ದಳವಾಯಿಯ ಮಗ, ನುಂಗಿದ್ದು ಏನೆಂದು ಕೇಳಿದಾಗ ತಡವರಿಸಿ ತಲೆ ಕೊಟ್ಟ.

ಆಗ ಪಲ್ಲಕ್ಕಿ ಹೊರುವ ಹಾಲಪ್ಪ ಬಂದ. ನಿಂಗವ್ವನ ಮಗ.

"ಮಹಾಸ್ವಾಮಿ, ಮೊದಲು ಅಮ್ಮನವರನ್ನ ಒಂದು ಮಾತು ಕೇಳ್ಲಾ?"

"ಒಗಟನ್ನೇ ಉತ್ತರ ಕೇಳ್ತಾನಂತೆ, ಹೆಡ್ಡ!" ಮಂತ್ರಿಯ ಮಾತಿಗೆ ಸಭೆ ನಕ್ಕಿತು.

"ನಗ್ರಿ ಬುದ್ಧಿ. ಕನ್ನಡೀನ ಕೇಳಿದ್ರಿ, ಗ್ರಹಗಳನ್ನ ಕೇಳಿದ್ರಿ. ಕೆಮ್ಮೋರನ್ನ ಯಾರಾದ್ರೂ ಕೇಳಿದ್ರಾ?"

ದೊರೆ ಕೈಬೀಸಿ ಒಪ್ಪಿದ. ಹಾಲಪ್ಪ ರಾಜಮಾತೆ ಕೂತಿದ್ದ ಪರದೆಯ ಬಳಿ ಹೋಗಿ, ಒಳಗೆ ಹೋದದ್ದು ಏನೆಂದು ಕೇಳಿದ.

"ಇಷ್ಟು ಕೇಳೋಕೆ ಮೂರು ತಲೆ ಬೇಕಾಯ್ತೇನೋ ಮಗಾ?" ಎಂದಳು ಮುದುಕಿ. "ನಿಂಗಿಗೆ ಶೂಲ ಅಂತ ನನಗೆ ಹೇಳಿದೋರೇ ಇಲ್ಲ." ಆಮೇಲಿನದನ್ನು ಕೆಮ್ಮುತ್ತಲೇ ಹೇಳಿದಳು.

ಹಾಲಪ್ಪ ಎದ್ದ. "ಅದು ಮೂಗುತಿ. ಗಂಡ ಕೊಟ್ಟದ್ದಲ್ಲ, ಮದುವೆಗೆ ಮುಂಚೆ ಅವರವ್ವ ಕೊಟ್ಟದ್ದು. ದೊಡ್ಡ ದೊರೆ ತೀರಿದ ದಿನ ಬಳೆ ಒಡೆದ್ರಿ, ಕುಂಕುಮ ಒರೆಸಿದ್ರಿ. ಮೂಗಿಗೆ ಕೈ ಬರೋ ಮುಂಚೆ ಅವರೇ ಬಿಚ್ಚಿ ದವಡೇಲಿ ಬಚ್ಚಿಟ್ಟರು. ಬಾಯಿಬಿಟ್ಟು ಅಳು ಅಂತ ಗದರಿದಾಗ ಬಾಯಿ ಬಿಡಬೇಕಾಯ್ತು. ಉಸಿರಿನ ಜೊತೆ ಒಳಗೆ ಹೋಯ್ತು."

"ಹೊಗಿಸಿದವರು?" ದೊರೆಯ ದನಿ ಇಳಿದಿತ್ತು.

"ಗದರಿದೋರು. ತಾವೇ, ಮಹಾಸ್ವಾಮಿ."

ಕತ್ತಿಗಳು ಒರೆಯಿಂದ ಹೊರಬಂದವು. "ಅವನದಕ್ಕೆ ಮುಂಚೆ ನನ್ನ ತಲೆ ತೆಗಿ" ಎಂದಿತು ಪರದೆ. ದೊರೆ ಕೈಯೆತ್ತಿ ತಡೆದ.

ವೈದ್ಯ ಚಿಮಟ ಇಳಿಸಿದ. ಮೂಗುತಿ ಬಂತು. ನಿಂಗವ್ವನ ಸಂಕೋಲೆ ಕಳಚಿತು.

"ಬೇಡಿಕೋ, ಅರ್ಧ ರಾಜ್ಯ ಬೇಕಾದರೂ" ಎಂದ ದೊರೆ.

"ಅವ್ವ ಸಿಕ್ಕಳು. ಇನ್ನೊಂದು ಡಂಗುರ ಹೊಡೆಸಿ, ಸಾಕು: ಗಂಡ ಸತ್ತವಳ ಮೈಮೇಲಿನದಕ್ಕೆ ಯಾರೂ ಕೈ ಹಾಕಬಾರದು."

ಡಂಗುರ ಸಾರುತ್ತಿರುವಾಗ ದೊರೆ ತಾನೇ ಮೂಗುತಿ ತೊಡಿಸಲು ಹೋದ. ಮೂಗಿನ ತೂತು ಮುಚ್ಚಿಹೋಗಿತ್ತು.

"ಚುಚ್ಚು" ಎಂದಳು ಮುದುಕಿ.

"ನೋಯುವುದಿಲ್ಲವೇ, ಅಮ್ಮಾ?"

"ಈಗ ಕೇಳ್ತೀಯಾ? ಚುಚ್ಚು."