ಪ್ರಶ್ನೆ ಮುಗಿಯುವವರೆಗೆ ಕಾದವನು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಬಾಚಲೆಯವರು ಮೂರು ಒಗಟು ಕೇಳುತ್ತಾರೆ. ಮೂರಕ್ಕೂ ಸರಿಯಾದ ಉತ್ತರ ಕೊಟ್ಟವರು ಏನು ಬೇಡಿದರೂ ದೊರೆಗಳು ಕೊಡುತ್ತಾರೆ. ತಪ್ಪು ಉತ್ತರ ಕೊಟ್ಟವರ ತಲೆ ಆನೆಯ ಕಾಲಿಗೆ!"

ಕುಂದಗಿರಿಯ ಕೇರಿ ಕೇರಿಯಲ್ಲೂ ಹೀಗೆ ಡಂಗುರವಾಯಿತು. ದೊರೆಗೆ ಸಾಕುಸಾಕಾಗಿತ್ತು. ರಾಜ್ಯಕ್ಕೆಲ್ಲ ಇದ್ದದ್ದು ಒಂದೇ ಪಾಠಶಾಲೆ. ಅಲ್ಲಿ ಕಲಿತು ಬಂದ ಅಧಿಕಾರಿಗಳನ್ನು ಏನು ಕೇಳಿದರೂ, ಪ್ರಶ್ನೆ ಮುಗಿಯುವ ಮೊದಲೇ ಏನೋ ಒಂದು ಉತ್ತರ ಬಂದು ಬೀಳುತ್ತಿತ್ತು.

ಬೀಳದೆ ಏನು ಮಾಡೀತು? ಗುರು ತಿಮ್ಮರಸಯ್ಯ ಕಲಿಸುತ್ತಿದ್ದದ್ದೇ ಹಾಗೆ. ಅವರ ಬಳಿ ನೂರು ಪ್ರಶ್ನೆ, ನೂರು ಉತ್ತರ. ಪ್ರಶ್ನೆಯ ಮೊದಲೆರಡು ಮಾತು ಹೇಳುವಷ್ಟರಲ್ಲಿ ಉತ್ತರ ಕೂಗಿದವನಿಗೆ ಒಂದು ಚೂರು ಬೆಲ್ಲ, "ಯಾಕೆ ಗುರುಗಳೇ?" ಅಂದವನಿಗೆ ಬೆತ್ತ. ಓಲೆಗರಿಯ ಕಟ್ಟುಗಳೆಲ್ಲ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ಹುಡುಗರು ಮುಟ್ಟಿದರೆ ಹಾಳಾಗುತ್ತವಂತೆ.

ಬುಟ್ಟಿ ಹೆಣೆಯುವ ಮನೆಯ ಕೇತ ಅಲ್ಲಿ ಎರಡು ವರ್ಷ ಬೆತ್ತ ತಿಂದು, ಬೇಸತ್ತು ಬಿಟ್ಟು ಬಂದಿದ್ದ. ಬಿದಿರು ಸೀಳುತ್ತಲೇ ಒಂದೊಂದು ಪ್ರಶ್ನೆಯನ್ನು ತಾನೇ ಕೇಳಿಕೊಳ್ಳುತ್ತಿದ್ದ. ಉತ್ತರ ಹೊಳೆಯದಿದ್ದರೆ ಗೋಡೆಗೆ ಒಂದು ಬಿದಿರುಕಡ್ಡಿ ಸಿಕ್ಕಿಸಿ, ಹೋಗಿ ನೋಡಿಯೋ, ಬಲ್ಲವರನ್ನು ವಿಚಾರಿಸಿಯೋ ತಿಳಿದುಕೊಂಡು ಬಂದು ಕಡ್ಡಿ ಕೀಳುತ್ತಿದ್ದ. ಅವನ ಅಣ್ಣ ಸಿಂಗ ಮಾತ್ರ ಗುರುಗಳ ಮೆಚ್ಚಿನ ಶಿಷ್ಯ. ಅವನಷ್ಟು ಬೆಲ್ಲ ತಿಂದವರು ಇನ್ನೊಬ್ಬರಿರಲಿಲ್ಲ.

ಮೊದಲು ಸಭೆಗೆ ಹೋದವನು ದಂಡನಾಯಕನ ಮಗ. "ಬೆಳಿಗ್ಗೆ ಉದ್ದ, ನಡುಹಗಲು ಗಿಡ್ಡ," ಎಂದು ಬಾಚಲೆ ಶುರುಮಾಡುತ್ತಿದ್ದಂತೆ "ನೆರಳು!" ಎಂದು ಕೂಗಿದ. ತಪ್ಪು ಎಂದು ಸೆರೆಮನೆಗೆ ತಳ್ಳಿದರು. ಎರಡನೆಯವನು ವರ್ತಕನ ಮಗ. ಇದನ್ನೆಲ್ಲ ಕಣ್ಣಾರೆ ಕಂಡಿದ್ದರೂ ಅವನು ಕೂಗಿದ್ದು ನೆರಳು ಅಂತಲೇ. ಗುರುಗಳು ಸಿಂಗನನ್ನು ಕರೆದು, "ಉತ್ತರ ಸರಿಯೇ ಇದೆ ಕಣೋ, ಅವರಿಬ್ಬರೂ ಗಟ್ಟಿಯಾಗಿ ಹೇಳಲಿಲ್ಲ" ಎಂದರು. ಸಿಂಗ ಅರಮನೆಯ ಚಾವಣಿ ಹಾರುವಂತೆ ಕೂಗಿದ.

ಸಂಜೆ ಮೂವರನ್ನೂ ಆನೆಯ ಕಾಲಿಗೆ ಹಾಕುತ್ತಾರೆ ಎಂಬ ಸುದ್ದಿ ಬಂದಾಗ ಕೇತನ ತಾಯಿ ಎದೆ ಬಡಿದುಕೊಂಡು ಕೂತಳು. ಕೇತನಿಗೆ ಅಳುವೂ ಬಂತು, ಸಿಟ್ಟೂ ಬಂತು. ಒಂದೇ ತಪ್ಪನ್ನು ಮೂವರು ಮಾಡುವುದೆಂದರೇನು? ಬಿದಿರು ಸೀಳುತ್ತಿದ್ದ ಕತ್ತಿ ಕೆಳಗಿಟ್ಟು ಅರಮನೆಗೆ ನಡೆದ.

"ಬೆಳಿಗ್ಗೆ ಉದ್ದ, ನಡುಹಗಲು ಗಿಡ್ಡ, ಸಂಜೆ ಮತ್ತೆ ಉದ್ದ," ಎಂದಳು ಬಾಚಲೆ. ಪಕ್ಕದಲ್ಲಿ ಕೂತಿದ್ದ ತಿಮ್ಮರಸಯ್ಯ "ಹೇಳೋ, ಬೇಗ ಹೇಳೋ" ಎಂದು ಸನ್ನೆ ಮಾಡಿದರು. ಕೇತ ಸುಮ್ಮನೆ ನಿಂತಿದ್ದ. ಬಾಚಲೆ ಒಂದು ಗಳಿಗೆ ಅವನನ್ನೇ ನೋಡಿ ಮುಂದುವರಿಸಿದಳು: "ಮೋಡ ಕವಿದ ದಿನವೂ ಹಾಗೆಯೇ. ಏನದು?"

"ಮೋಡವಿದ್ದರೆ ನೆರಳಿಲ್ಲ ಅಮ್ಮಣ್ಣಿ. ಅದು ಬಾವಿಕಟ್ಟೆಯ ಮುಂದೆ ಕೊಡ ಹಿಡಿದು ನಿಲ್ಲುವವರ ಸಾಲು. ಮಧ್ಯಾಹ್ನ ಅಲ್ಲಿ ಯಾರೂ ಇರೋದಿಲ್ಲ."

"ಸರಿ. ಹಂಚಿದಷ್ಟೂ ಬೆಳೆಯುತ್ತದೆ, ಕಳ್ಳ ಕದಿಯಲಾರ." ತಿಮ್ಮರಸಯ್ಯನವರ ತುಟಿ ತಾನಾಗಿಯೇ "ವಿದ್ಯೆ" ಎಂದಿತು. ಬಾಚಲೆ ಮುಂದುವರಿಸಿದಳು: "ಆದರೆ ಹಂಚಿದವರು ಯಾರೆಂದು ವಿಚಾರಿಸಿದರೆ ಒಬ್ಬರೂ ಒಪ್ಪಿಕೊಳ್ಳುವುದಿಲ್ಲ. ಏನದು?"

ವಿದ್ಯೆ ಹಂಚಿದವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ ಎಂದು ಗುರುಗಳನ್ನು ನೋಡಿಯೇ ಕೇತನಿಗೆ ಗೊತ್ತಿತ್ತು. "ಗಾಳಿಸುದ್ದಿ ಅಮ್ಮಣ್ಣಿ. ಎಲ್ಲರೂ ಹೇಳ್ತಾರೆ, ಕೇಳಿದ್ರೆ ನಾನಲ್ಲ ಅಂತಾರೆ."

ಬಾಚಲೆ ಮುಚ್ಚಳ ಹಾಕಿದ ಬುಟ್ಟಿಯೊಂದನ್ನು ಅವನ ಮುಂದಿಟ್ಟಳು. "ಇದರೊಳಗಿರುವುದು ಮನೆಯಲ್ಲಿದ್ದರೆ ಯಾರೂ ಗಮನಿಸುವುದಿಲ್ಲ. ಮುಗಿದುಹೋದರೆ ಅಡುಗೆಮನೆಯಲ್ಲಿ ಜಗಳ. ಏನದು?"

ಕೇತ ಬಹಳ ಹೊತ್ತು ಯೋಚಿಸಿದ. ಹೊರಗೆ ಆನೆಯ ಗಂಟೆ ಕೇಳಿಸುತ್ತಿತ್ತು. ಉಪ್ಪು ಇರಬಹುದು, ಎಣ್ಣೆ ಇರಬಹುದು, ಸೌದೆಯೂ ಇರಬಹುದು. ಒಂದನ್ನು ಹೇಳಿ ತಪ್ಪಾದರೆ ಅಣ್ಣನ ಜೊತೆ ತನ್ನ ತಲೆಯೂ ಹೋಗುತ್ತದೆ.

"ಗೊತ್ತಿಲ್ಲ ಅಮ್ಮಣ್ಣಿ," ಎಂದ.

"ಅಯ್ಯೋ, ಆ ಮಾತು ಆಡಬಾರದು ಅಂತ ಬಡ್ಕೊಂಡೆನಲ್ಲೋ!" ಎಂದು ತಿಮ್ಮರಸಯ್ಯ ತಲೆ ಚಚ್ಚಿಕೊಂಡರು.

"ಇಷ್ಟೇ ಹೇಳಿದರೆ ಉಪ್ಪಿಗೂ ಹೊಂದುತ್ತೆ, ಎಣ್ಣೆಗೂ ಹೊಂದುತ್ತೆ. ಮುಚ್ಚಳ ತೆಗೆದು ನೋಡಿ ಹೇಳಲಾ?" ಎಂದು ಕೇತ ಬಾಚಲೆಯನ್ನು ಕೇಳಿದ.

"ನೋಡು," ಎಂದಳು ಬಾಚಲೆ. ಅವಳ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ನೋಡಬಾರದೆಂದು ಡಂಗುರದಲ್ಲಿ ಎಲ್ಲಿಯೂ ಸಾರಿಲ್ಲ."

ಕೇತ ಮುಚ್ಚಳ ಎತ್ತಿ "ಹುಣಸೆಹಣ್ಣು" ಎಂದ.

"ಮೊದಲೆರಡು ಒಗಟಿಗೆ ಪ್ರಶ್ನೆಯನ್ನು ಪೂರ್ತಿ ಕೇಳುವ ತಾಳ್ಮೆ ಸಾಕಿತ್ತು," ಎಂದು ಬಾಚಲೆ ಸಭೆಗೆ ಹೇಳಿದಳು. "ಮೂರನೆಯದಕ್ಕೆ, ತಿಳಿಯದು ಎಂದು ಒಪ್ಪಿಕೊಂಡು ನೋಡಿ ತಿಳಿಯುವವನು ಬೇಕಿತ್ತು."

ದೊರೆ ಏನು ಬೇಕೆಂದು ಕೇಳಿದರು. ಸೆರೆಯಲ್ಲಿದ್ದ ಮೂವರನ್ನು ಬಿಡಬೇಕು, ಪಾಠಶಾಲೆಯ ಪೆಟ್ಟಿಗೆಯ ಬೀಗ ತೆಗೆದು, ಓದಬೇಕೆನ್ನುವವರ ಕೈಗೆಲ್ಲ ಓಲೆಗರಿ ಸಿಗುವಂತೆ ಮಾಡಬೇಕು ಎಂದು ಕೇತ ಬೇಡಿದ. ದೊರೆ ಎರಡನ್ನೂ ಕೊಟ್ಟು, ಪೆಟ್ಟಿಗೆಯ ಬೀಗದ ಕೈಯನ್ನು ಅವನಿಗೇ ಒಪ್ಪಿಸಿ, ಮನೆತನಕ್ಕೆ ಒಂದು ಬಿದಿರು ಮೆಳೆಯ ತೋಟವನ್ನೂ ಬರೆದುಕೊಟ್ಟರು.

ಅಣ್ಣ ತಮ್ಮ ಮನೆಯ ದಾರಿ ಹಿಡಿದರು. ಸಿಂಗ ಕಣ್ಣೊರೆಸಿಕೊಂಡು ತಮ್ಮನ ಕೈ ಹಿಡಿದ. ನಾಲ್ಕು ಹೆಜ್ಜೆ ನಡೆದ ಮೇಲೆ ಕೇಳಿದ: "ಕೇತಾ, ಆ ಮೂರು ಉತ್ತರ ನಿಧಾನಕ್ಕೆ ಹೇಳೋ. ಇವತ್ತೇ ಬಾಯಿಪಾಠ ಮಾಡ್ಕೊಂಡ್ಬಿಡ್ತೀನಿ."

ಕೇತ ದಾರಿಬದಿಯ ಕಲ್ಲಿನ ಮೇಲೆ ಕುಸಿದು ಕೂತ. "ಅಣ್ಣಾ, ತಲೆ ಉಳಿಸಿ ಕೊಟ್ಟಿದೀನಿ," ಎಂದ. "ಅದನ್ನ ಉಪಯೋಗಿಸೋ ಕೆಲಸನೂ ನಾನೇ ಮಾಡಬೇಕಾ?"