ಗಾಣದ ಬೀದಿಗೆ ಹೊಸಿಲು ಬಂದದ್ದು

ಹೂಂಗುಟ್ಟುವವರು ಹೂಂಗುಟ್ಟಿ, ತೂಕಡಿಸುವವರು ತೂಕಡಿಸಿ. ಈ ಕತೆಗೆ ಅವಸರ ಇಲ್ಲ. ಅವಸರ ಇದ್ದವರು ಪಕ್ಕದ ಬೀದಿ ಹಿಡಿದು ಹೋಗಿ, ನಮ್ಮದೇನೂ ತಕರಾರಿಲ್ಲ.

ಒಂದೂರು. ಆ ಊರಲ್ಲಿ ಗಾಣದ ಬೀದಿ. ಗಾಣದೆತ್ತು ಸುತ್ತುತ್ತಿದ್ದ ಕಾಲದಿಂದಲೂ ಆ ಬೀದಿಗೆ ಅರೆನಿದ್ದೆ. ಈ ಕಡೆ ಒಂದು ಸಾಲು ಮನೆ, ಆ ಕಡೆ ಒಂದು ಸಾಲು ಮನೆ, ಮನೆಮನೆಗೂ ಜಗಲಿ. ಈ ಕಡೆ ಜಗಲಿಯಲ್ಲಿ ಮಲ್ಲಾಜಮ್ಮ. ಎದುರು ಜಗಲಿಯಲ್ಲಿ ಅವಳ ಒಡಹುಟ್ಟಿದ ಅಕ್ಕ ಚನ್ನಾಜಮ್ಮ. ಒಂದೇ ಚಪ್ಪರದಲ್ಲಿ ಮದುವೆಯಾಗಿ ಎದುರುಬದುರು ಮನೆ ಸೇರಿದವರು. ದಿನಾ ಇವಳು ಅಲ್ಲಿ, ಇಲ್ಲವೇ ಅವಳು ಇಲ್ಲಿ. ನಡುವೆ ಇಪ್ಪತ್ತೇ ಹೆಜ್ಜೆ.

ಮಲ್ಲಾಜಮ್ಮನಿಗೆ ಒಬ್ಬನೇ ಮಗ, ಅಂಕ. ಮೂವತ್ತು ದಾಟಿದ ಆಳು. ಕೈಕಾಲು ಗಟ್ಟಿ, ಮನಸ್ಸು ಬೆಣ್ಣೆ, ತಲೆಯೊಳಗೆ ಮಾತ್ರ ಯಾವಾಗಲೂ ಊಟವಾದ ಮೇಲಿನ ಮಧ್ಯಾಹ್ನ. ಹೇಳಿದ ಮಾತು ಮೀರುವವನಲ್ಲ. ಅದೇ ಕಷ್ಟ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

ಹೀಗಿರುವಾಗ ಪೇಟೆ ರಸ್ತೆಯ ಸೇತುವೆ ಬಿರುಕುಬಿಟ್ಟಿತು. ಸ್ಕೂಟರು, ಆಟೋ, ಜೀಪು, ಲಾರಿ, ಎಲ್ಲವೂ ಗಾಣದ ಬೀದಿಗೆ ನುಗ್ಗಿದವು. ಭರ್ ಅಂತ ಬರುವುದು, ಭರ್ ಅಂತ ಹೋಗುವುದು! ಅವರಲ್ಲಿ ಒಬ್ಬನಿಗಾದರೂ ಈ ಬೀದಿಯಲ್ಲಿ ಕೆಲಸ ಇತ್ತೇ? ಇರಲಿಲ್ಲ. ಅಕ್ಕತಂಗಿಯರ ಮಂಡಿ ಸವೆದಿದ್ದವು. ಅಕ್ಕನ ಕಣ್ಣಿಗೆ ಪೊರೆ ಬೇರೆ ಬಂದಿತ್ತು. ಎಂಟು ತಿಂಗಳು ಇವಳು ಅತ್ತ ದಾಟಲಿಲ್ಲ, ಅವಳು ಇತ್ತ ದಾಟಲಿಲ್ಲ.

"ಮಲ್ಲೀ! ಅಲ್ಲಿ ಕುಂತಿರೋದು ನೀನೋ, ಒಣಗಾಕಿರೋ ಸೀರೆನೋ?" ಅಂತ ಅಕ್ಕ ಕೂಗುತ್ತಿದ್ದಳು.

"ನಾನೇ ಕಣಕ್ಕಾ!" ಅನ್ನುತ್ತಿದ್ದಳು ತಂಗಿ. ಅಷ್ಟರಲ್ಲಿ ಲಾರಿ ಹಾರನ್ನು. ಅಕ್ಕನಿಗೆ ಕೇಳಿಸುತ್ತಿರಲಿಲ್ಲ. ಪಾಪ, ಸೀರೆಯೇ ಇರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದಳು. ಮಲ್ಲಾಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಬೀದಿಯವರೆಲ್ಲ ಅರ್ಜಿ ಕೊಟ್ಟರು. ಪುರಸಭೆಯಿಂದ ರುದ್ರಾಚಾರಿ ಮೇಸ್ತ್ರಿ ಬಂದ. "ಗಾಡಿಗಳ ವೇಗ ತಗ್ಗಿಸೋಣ. ಬೋರ್ಡು ನೆಡೋಣ, ಬಿಳೀ ಪಟ್ಟೆ ಬಳಿಯೋಣ, ಹಂಪ್ಸು ಹಾಕೋಣ. ಕೈಗೊಬ್ಬ ಆಳು ಕೊಡಿ," ಅಂದ. ಎಲ್ಲರಿಗೂ ಅವರವರ ಕೆಲಸ ಇತ್ತು. ಅಂಕನಿಗೆ ಇರಲಿಲ್ಲ.

"ಹೋಗಪ್ಪ ಅಂಕ," ಅಂದಳು ತಾಯಿ. "ನಾನೊಂದು ದಿನ ನಮ್ಮಕ್ಕನ ಜಗಲಿ ಹತ್ತಬೇಕು. ಮೇಸ್ತ್ರಿ ಹೇಳಿದಂಗೆ ಕೇಳು."

ಮೊದಲನೇ ದಿನ ಮೇಸ್ತ್ರಿ ಉಗ್ರಾಣದಲ್ಲಿ ಒಂದು ಬೋರ್ಡು ಕೊಟ್ಟು, ಬೀದಿಗೆ ತಗೊಂಡು ಬಾ ಅಂದ. ಅಂಕ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. 'ನಿಧಾನವಾಗಿ ಚಲಿಸಿ.' ಸರ್ಕಾರದ ಮಾತು, ಮೀರಲಿಕ್ಕುಂಟೇ! ಒಂದು ಹೆಜ್ಜೆ ಇಟ್ಟ. ನಿಂತ. ಒಂದು ಉಸಿರು ಬಿಟ್ಟ. ಇನ್ನೊಂದು ಹೆಜ್ಜೆ ಇಟ್ಟ. ಇರುವೆ ಸಾಲು ಅವನನ್ನು ಹಿಂದೆ ಹಾಕಿ ಹೋಯಿತು. ನಡುರಸ್ತೆಯಲ್ಲಿ ಅವನು, ಅವನ ಹಿಂದೆ ಆಟೋ, ಆಟೋ ಹಿಂದೆ ಬಸ್ಸು. ಮೊದಮೊದಲು ಹಾರನ್ನು ಹೊಡೆದರು. ಆಮೇಲೆ ಬೈದರು. ಆಮೇಲೆ ಡ್ರೈವರು ಆಕಳಿಸಿದ, ಕಂಡಕ್ಟರು ಆಕಳಿಸಿದ, ಬಸ್ಸಿಗೆ ಬಸ್ಸೇ ನಿದ್ದೆಹೋಯಿತು. ಬೆಳಿಗ್ಗೆ ಹೊರಟವನು ಬೀದಿ ಮುಟ್ಟಿದಾಗ ಹೊತ್ತು ಇಳಿದಿತ್ತು.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒನಕೆ!" ಅಂತ ತಾಯಿ ಹಣೆ ಚಚ್ಚಿಕೊಂಡಳು. "ಅದು ಗಾಡಿಯೋರಿಗೆ ಬರೆದಿರೋದು ಕಣ್ಲಾ! ತಂದು, ಗುಂಡಿ ತೋಡಿ, ನೆಟ್ಟು, ಒಂದೇ ಓಟದಲ್ಲಿ ಮನೆಗೆ ಬರಬೇಕು!"

"ಹಂಗೇ ಆಗ್ಲಿ ಕಣವ್ವಾ. ನಾಳೆ ಹಂಗೇ ಮಾಡ್ತೀನಿ."

ಮಾರನೇ ದಿನ ಮೇಸ್ತ್ರಿ ಒಂದು ಡಬ್ಬ ಬಿಳೀ ಪೇಂಟು ಕೊಟ್ಟ. ಅಂಕ ತಂದ, ಗುಂಡಿ ತೋಡಿದ, ಡಬ್ಬ ನೆಟ್ಟ, ಒಂದು ಚೊಂಬು ನೀರನ್ನೂ ಹುಯ್ದ, ಒಂದೇ ಓಟದಲ್ಲಿ ಮನೆಗೆ ಬಂದ!

"ಪೇಂಟು ನೆಡ್ತಾರೇನ್ಲಾ? ಮೊಳಕೆ ಬರ್ತದೇನ್ಲಾ?" ಅಂತ ತಾಯಿ ಕೂಗಿದಳು. "ಬ್ರಶ್ಶು ತಗೊಂಡು ಅಡ್ಡಡ್ಡ ಬಳೀಬೇಕು, ಪಟ್ಟೆ ಪಟ್ಟೆ! ಮೇಸ್ತ್ರಿ ಎಲ್ಲಿ ಬೆರಳು ತೋರಿಸ್ತಾನೋ ಅಲ್ಲಿ!"

"ಹಂಗೇ ಆಗ್ಲಿ ಕಣವ್ವಾ. ನಾಳೆ ಹಂಗೇ ಮಾಡ್ತೀನಿ."

ಮೂರನೇ ದಿನ ಪಟ್ಟೆ ಬಳಿಯುವ ಜಾಗದಲ್ಲಿ ಸರಿಯಾಗಿ ಒಂದು ಎಮ್ಮೆ ಮಲಗಿತ್ತು. ಮೇಸ್ತ್ರಿ ಎಮ್ಮೆ ಕಡೆ ಬೆರಳು ತೋರಿಸಿ, "ಅಂಕಾ, ಮೊದಲು ಇದನ್ನ ನೋಡ್ಕೊ," ಅಂತ ಹೇಳಿ ಕಾಫಿಗೆ ಹೋದ. ಮೇಸ್ತ್ರಿ ಕಾಫಿ ಅಂದರೆ ಒಂದು ಗಂಟೆ. ಬಂದು ನೋಡುತ್ತಾನೆ, ಎಮ್ಮೆಯ ಮೈ ತುಂಬ ಬಿಳೀ ಪಟ್ಟೆ! ಕೊಂಬಿಗೆ ಒಂದೊಂದು, ಬಾಲಕ್ಕೆ ಎರಡು. ಎಮ್ಮೆ ಮಾತ್ರ ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತಿತ್ತು. ಗಾಡಿಯವರು ಅದನ್ನು ಕಂಡು ದಂಗಾಗಿ, ಕನಸೋ ನಿಜವೋ ಅಂತ ಮೆಲ್ಲಗೆ ಬಳಸಿಕೊಂಡು ಹೋಗುತ್ತಿದ್ದರು. ಎಮ್ಮೆಯ ಯಜಮಾನ ಬಂದು ಮಾಡಿದ ರಂಪ ಇಲ್ಲಿ ಬೇಡ ಬಿಡಿ.

"ನಿನಗೆ ಹೇಳೋದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಸುರಿಯೋದೂ ಒಂದೇ!" ಅಂದಳು ತಾಯಿ. "ಅಡ್ಡ ಮಲಗಿದ್ರೆ ಬಣ್ಣ ಬಳೀತಾರೇನೋ? ಹತ್ರ ಕುಂತು, ಮೈ ಸವರಿ, 'ಏಳವ್ವಾ ತಾಯೀ' ಅಂತ ನಯವಾಗಿ ಎಬ್ಬಿಸ್ಬೇಕು."

"ಹಂಗೇ ಆಗ್ಲಿ ಕಣವ್ವಾ. ನಾಳೆ ಹಂಗೇ ಮಾಡ್ತೀನಿ."

ನಾಲ್ಕನೇ ದಿನ ಹಂಪ್ಸು ಬಿತ್ತು. ಈ ಕಡೆ ಜಗಲಿಯ ಬುಡದಿಂದ ಆ ಕಡೆ ಜಗಲಿಯ ಬುಡದವರೆಗೆ, ಕರ್ರಗೆ, ದಪ್ಪಗೆ, ಬೀದಿಗೆ ಅಡ್ಡ ಮಲಗಿತ್ತು. "ಡಾಂಬರು ಆರೋತಂಕ ಕಾಯ್ಕೊಂಡಿರು," ಅಂದ ಮೇಸ್ತ್ರಿ. ಎರಡು ತುದಿಗೂ ಒಂದೊಂದು ಡ್ರಮ್ಮು ನಿಲ್ಲಿಸಿ, ಒಂದೊಂದು ಕಂಬ ಸಿಕ್ಕಿಸಿ ಹೋದ. ಅಂಕ ನೋಡಿದ. ಅಡ್ಡ ಮಲಗಿದೆ! ಹತ್ತಿರ ಕೂತ. ಮೈ ಸವರಿದ.

"ಏಳವ್ವಾ ತಾಯೀ. ದಾರಿ ಬಿಡವ್ವಾ. ಬಿಸಿಲಿಗೆ ಮೈಯೆಲ್ಲ ಕಾದದೆ. ಜ್ವರ ಬಂದದಾ?"

ಹಂಪ್ಸು ಏಳಲಿಲ್ಲ. ಅಂಕನೂ ಬಿಡಲಿಲ್ಲ. ಮಧ್ಯಾಹ್ನವೆಲ್ಲ ಸವರಿದ, ಲಾಲಿ ಹಾಡಿದ. ಕೊನೆಗೆ ಅದರ ಪಕ್ಕದಲ್ಲೇ ಮಲಗಿ, ಅದರ ಮೇಲೊಂದು ಕೈ ಹಾಕಿ ನಿದ್ದೆಹೋದ. ಅಂಗೈ ಎರಡೂ ಡಾಂಬರು. ಅಲ್ಲಿಗೆ ಕುಂಟುತ್ತ ಬಂದ ತಾಯಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಅದು ಎಮ್ಮೆಯಲ್ಲ ಕಣೋ ಪೆದ್ದೇ! ಅದು ಬೀದಿಗೆ ಹೊಸಿಲಿದ್ದಂಗೆ. ಹೊಸಿಲನ್ನ ಹೆಂಗ್ ನೋಡ್ಕೋತೀವಿ? ಎದ್ದು ತೊಳೀತೀವಿ, ಅರಿಶಿನ ಕುಂಕುಮ ಇಡ್ತೀವಿ, ತುಳೀದೆ ದಾಟ್ತೀವಿ. ಹಂಗೆ ಮರ್ಯಾದೆಯಾಗಿ ನೋಡ್ಕೊ ಹೋಗು!"

"ಹಂಗೇ ಆಗ್ಲಿ ಕಣವ್ವಾ. ನಾಳೆ ಹಂಗೇ ಮಾಡ್ತೀನಿ."

ಮಾಡಿದ. ಬೆಳಗಾಗುತ್ತಲೇ ನೀರು ಹಾಕಿ ತೊಳೆದ, ಉದ್ದಕ್ಕೂ ಅರಿಶಿನ ಬಳಿದ, ಗೇಣಿಗೊಂದು ಕುಂಕುಮದ ಬೊಟ್ಟಿಟ್ಟ, ಮುಂದೆ ರಂಗೋಲಿ ಎಳೆದ. ಎಳೆ ಸೊಟ್ಟ, ಆದರೆ ಮನಸ್ಸಿಟ್ಟು ಎಳೆದದ್ದು.

ಮೊದಲು ಬಂದದ್ದು ಒಂದು ಸ್ಕೂಟರು. ಭರ್ ಅಂತ ಬಂತು, ಕಿರ್ರ್ ಅಂತ ನಿಂತಿತು. ಅರಿಶಿನ ಕುಂಕುಮದ ಮೇಲೆ ಚಕ್ರ ಹತ್ತಿಸುವ ಎದೆಗಾರಿಕೆ ಯಾರಿಗಿದೆ ಹೇಳಿ! ಸ್ಕೂಟರಿನವನು ಇಳಿದ, ಚಪ್ಪಲಿ ಬಿಟ್ಟ, ಗಾಡಿಯನ್ನು ಕೂಸಿನ ಹಾಗೆ ಎತ್ತಿ ಆಚೆಗಿಟ್ಟ, ಕೈಮುಗಿದು ಹೋದ. ಆಟೋದವನು ಪ್ರಯಾಣಿಕರನ್ನೆಲ್ಲ ಇಳಿಸಿ ಎತ್ತಿಸಿದ. ಲಾರಿಯವನು ಲಾರಿ ಎತ್ತಲಾರದೆ ಎಂಜಿನ್ ಆರಿಸಿ ಬೀಡಿ ಹಚ್ಚಿ ಕೂತ.

ಅಂಕ ಇದನ್ನೆಲ್ಲ ನೋಡಿದ. ಜನ ಬರುತ್ತಿದ್ದಾರೆ, ಹೋಗುತ್ತಿದ್ದಾರೆ. ಹೊಸಿಲಿದೆ, ಬಾಗಿಲಿಲ್ಲ! ಇದೆಂಥ ಮನೆ? ನಡೆದ ಮನೆಗೆ. ಬಾಗಿಲನ್ನು ಕೀಲಿನಿಂದ ಕಳಚಿ ಬೆನ್ನ ಮೇಲೆ ಹೊತ್ತು ತಂದ. ಡ್ರಮ್ಮುಗಳನ್ನು ನಡುಬೀದಿಗೆ ಎಳೆದು, ಒಂದು ಕಂಬಕ್ಕೆ ಬಾಗಿಲು ಕಟ್ಟಿದ, ಇನ್ನೊಂದಕ್ಕೆ ಚಿಲಕ ಸಿಕ್ಕಿಸಿದ. ಬಾಗಿಲ ಆ ಪಕ್ಕ ಬೀದಿ ಖಾಲಿ, ಈ ಪಕ್ಕ ಬೀದಿ ಖಾಲಿ, ನಡುವೆ ಚಿಲಕ ಹಾಕಿದ ಬಾಗಿಲು.

ಒಂದು ಜೀಪು ಬಂತು. ಸುತ್ತಿಕೊಂಡು ಹೋಗಬಹುದಿತ್ತು. ಆದರೆ ಮುಚ್ಚಿದ ಬಾಗಿಲು ಕಂಡರೆ ಮನುಷ್ಯನ ಕೈ ಸುಮ್ಮನಿರುತ್ತದೆಯೇ? ಇಳಿದು ಬಂದು ತಟ್ಟಿದ.

"ಯಾರು ಬೇಕಿತ್ತು?" ಅಂದ ಅಂಕ ಒಳಗಿನಿಂದ.

"ಯಾರೂ ಬೇಡಪ್ಪ. ಹಿಂಗೇ ಹೋಗ್ತಿದ್ದೆ."

"ಯಾರೂ ಬೇಡ್ದೋರಿಗೆ ನಮ್ಮನೇಲಿ ಏನ್ ಕೆಲ್ಸ?"

ಜೀಪಿನವನು ತಲೆ ಕೆರೆದುಕೊಂಡ. ಹೌದಲ್ಲ! ತನಗೆ ಇಲ್ಲೇನು ಕೆಲಸ? ಗಾಡಿ ತಿರುಗಿಸಿಕೊಂಡು ಹೋದ. ಹಿಂದೆ ಬಂದವನೂ ತಟ್ಟಿದ, ಅವನಿಗೂ ಅದೇ ಮಾತು. ಲಾರಿಯವನು ಬೀಡಿ ಮುಗಿಸಿ ತಾನೂ ಹಿಂದಕ್ಕೆ ಸರಿದ. ಬೀದಿಯವರೇ ಬಂದು ಇಂಥವರ ಮನೆ ಅಂದರೆ ಅಂಕ ಚಿಲಕ ತೆಗೆದು, "ಬನ್ನಿ, ಬಲಗಾಲಿಡಿ," ಅನ್ನುತ್ತಿದ್ದ.

ಅಡುಗೆಮನೆಯಲ್ಲಿದ್ದ ಮಲ್ಲಾಜಮ್ಮನಿಗೆ ಕಿವಿಯೊಳಗೆ ಏನೋ ಹಗುರಾಯಿತು. ಹೊರಗೆ ಬಂದಳು. ಮನೆಗೆ ಬಾಗಿಲಿಲ್ಲ! "ಲೋ ಅಂಕಾ!" ಅಂತ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಟಕ್, ಟಕ್, ಟಕ್. ಎದುರು ಜಗಲಿಯಲ್ಲಿ ಅಕ್ಕ ಎಲೆಅಡಿಕೆ ಕುಟ್ಟುವ ಸದ್ದು! ಎಂಟು ತಿಂಗಳಾಗಿತ್ತು ಅದನ್ನು ಕೇಳಿ.

ಮಲ್ಲಾಜಮ್ಮ ಬೀದಿಗಿಳಿದಳು. ಒಂದು ಹೆಜ್ಜೆ. ಎರಡು ಹೆಜ್ಜೆ. ನಡುವೆ ನಿಂತು ಉಸಿರು ತಗೊಂಡಳು. ಯಾರೂ ಹಾರನ್ನು ಹೊಡೆಯಲಿಲ್ಲ. ಬಿಸಿಲು ಮಲಗಿತ್ತು, ಎಮ್ಮೆ ಮಲಗಿತ್ತು, ಬೀದಿ ಮಲಗಿತ್ತು. ಇಪ್ಪತ್ತೂ ಹೆಜ್ಜೆ ನಡೆದು ಜಗಲಿ ಹತ್ತಿ ಕೂತಳು.

ಅಕ್ಕ ಕೈ ಚಾಚಿ ಮುಖ ತಡವಿದಳು. "ಸೀರೆ ಅಲ್ಲ, ನೀನೇಯಾ!"

"ನಾನೇ ಕಣಕ್ಕಾ."

"ಬಡಕಲಾಗಿದ್ದೀಯಲ್ಲೇ," ಅಂದಳು ಅಕ್ಕ. ಕುಟ್ಟಿದ ಎಲೆಅಡಿಕೆಯಲ್ಲಿ ಅರ್ಧ ತಂಗಿಯ ಬಾಯಿಗಿಟ್ಟಳು. ಇಬ್ಬರೂ ಅತ್ತರು, ನಕ್ಕರು.

ಇತ್ತ ಅಂಕನಿಗೆ ಒಂದು ಅನುಮಾನ ಬಂತು. ಚಿಲಕ ಸರಿಯಾಗಿ ಬಿದ್ದಿದೆಯೋ ಇಲ್ಲವೋ? ಕಂಬದ ಪಕ್ಕದಿಂದ ಆಚೆಗೆ ಹೋದ. ಹೊರಗಿನಿಂದ ಬಾಗಿಲು ದೂಡಿದ. ಗಟ್ಟಿಯಾಗಿದೆ, ಭೇಷ್! ಆಮೇಲೆ ತಟ್ಟನೆ ಹೊಳೆಯಿತು. ಬಾಗಿಲು ಒಳಗಿನಿಂದ ಹಾಕಿದೆ, ತಾನು ಹೊರಗೇ ಉಳಿದುಬಿಟ್ಟಿದ್ದಾನೆ!

"ಅವ್ವಾ! ಅವ್ವೋ! ಬಾಗ್ಲು ಹಾಕ್ಕೊಂಬಿಟ್ಟದೆ! ನಾನು ಹೊರಗಿದ್ದೀನಿ!"

ದಬದಬ ತಟ್ಟಿದ. ಎಡಕ್ಕೆ ಬೀದಿ ಖಾಲಿ, ಬಲಕ್ಕೆ ಬೀದಿ ಖಾಲಿ, ಅವನು ತಟ್ಟುತ್ತಲೇ ಇದ್ದ. ದನಿಯಲ್ಲಿ ಅಳು ಬಂದಿತ್ತು.

"ಸುತ್ತಿಕೊಂಡು ಬಾರೋ ಅನ್ನು," ಅಂದಳು ಅಕ್ಕ.

"ಅಂದ್ರೆ ಊರೆಲ್ಲ ಸುತ್ತಿ ನಾಳೆ ಬರ್ತಾನೆ," ಅಂದಳು ಮಲ್ಲಾಜಮ್ಮ. ಮಂಡಿ ಹಿಡಿದುಕೊಂಡು ಎದ್ದಳು. ಮೆಲ್ಲಗೆ ಇಳಿದಳು. ಮೆಲ್ಲಗೆ ನಡುಬೀದಿಗೆ ನಡೆದಳು. ಬೈಯಬೇಕೆಂದೇ ಹೋದವಳು, ಬಾಗಿಲ ಹತ್ತಿರ ನಿಂತಾಗ ಅವಳಿಗೆ ಯಾಕೋ ಬೈಗುಳವೇ ಸಿಗಲಿಲ್ಲ.

"ಯಾರು ಬೇಕಿತ್ತು?" ಅಂದಳು.

"ಅವ್ವ ಬೇಕಿತ್ತು," ಅಂದ ಅಂಕ.

ಮಲ್ಲಾಜಮ್ಮ ಚಿಲಕ ತೆಗೆದಳು. ಅಂಕ ಬಾಗಿಲಿಗೆ ತಲೆ ಬಗ್ಗಿಸಿ, ಬಲಗಾಲಿಟ್ಟು, ಹೊಸಿಲು ತುಳಿಯದೆ ಒಳಗೆ ಬಂದ. ಬಂದು, ತಿರುಗಿ, ಚಿಲಕ ಹಾಕಿದ.